ಬರಗಾಲದಲ್ಲಿ ಒದ್ದೆ ತಲೆ

ಪ್ರಭುದಾಸ ಇವತ್ತೂ ತಲೆ ಒದ್ದೆ ಮಾಡಿಕೊಂಡೇ ಮನೆಗೆ ಬಂದ.

ಹೆಂಡತಿ ದೇಬೋರಾಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಭಾಲ್ಕಿಯ ಅರ್ಧ ಓಣಿ ನೀರಿಲ್ಲದೆ ಹೈದರಾಬಾದಿಗೆ ಗುಳೆ ಹೋಗಿದೆ. ಉಳಿದವರು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತಾರೆ. ಈ ಮಹಾರಾಯನಿಗೆ ಮಾತ್ರ ದಿನಾ ತಲೆಸ್ನಾನ! ಓಣಿಯಲ್ಲಿ ಬತ್ತದ ಬೋರ್‌ವೆಲ್ ಇರುವುದು ಶಾಲುಬಾಯಿಯೊಬ್ಬಳ ಮನೆಯಲ್ಲೇ. ಗಂಡ ಸತ್ತವಳು. ನಕ್ಕರೆ ಕೆನ್ನೆಯಲ್ಲಿ ಗುಳಿ ಬೇರೆ.

ಸಾಲದ್ದಕ್ಕೆ ಬೈಕಿನ ಹಿಂದೆ ಗೋಣಿಚೀಲ ಸುತ್ತಿದ ಎರಡು ಸಿಲಿಂಡರು. ಅಂದರೆ ಅವಳ ಒಲೆಗೂ ಇವನೇ ದಿಕ್ಕು.

ಅತ್ತೆ ರೂತಮ್ಮನ ಮುಂದೆ ಗೋಳಾಡಿಕೊಂಡಳು. "ನನ್ನ ಮಗ ಅಂಥಾವ ಅಲ್ಲವ್ವಾ. ಅವನ ಹಿಂದ ಬೀಳಬ್ಯಾಡ," ಎಂದು ಅತ್ತೆ ತಲೆ ತುಂಬ ಸೆರಗು ಹೊದ್ದು ಪ್ರಾರ್ಥನಾ ಕೂಟಕ್ಕೆ ಹೊರಟರು. ಮರಳಿ ಬಂದರೂ ಸೆರಗು ಇಳಿಸುವುದಿಲ್ಲ. ಈಸ್ಟರ್ ಉಪವಾಸಕ್ಕೆ ಮೀನು ಬಿಟ್ಟವರು ಹಬ್ಬ ಮುಗಿದರೂ ಮುಟ್ಟಿಲ್ಲ. ಇಂಥ ತಾಯಿಗೆ ಎಂಥ ಮಗ!

ಮರುದಿನ ಅತ್ತೆ ಎಂದಿನಂತೆ ಪ್ರಾರ್ಥನೆಗೆ ಹೋದ ಮೇಲೆ ದೇಬೋರಾ ಬಟ್ಟೆಯ ಚೀಲ ಸಮೇತ ಆಟೊ ಹತ್ತಿ ಗಂಡನ ಬೆನ್ನು ಹಿಡಿದಳು. ಸಂಶಯ ನಿಜವಾದರೆ ಅಲ್ಲಿಂದಲೇ ಔರಾದಿನ ತವರಿಗೆ. ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಬೈಕು ಶಾಲುಬಾಯಿಯ ಮನೆ ದಾಟಿ ಕಾರಂಜಾ ಡ್ಯಾಮಿನತ್ತ ಹೋಯಿತು. ಆಟೊ ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಪ್ರಭುದಾಸ ನೀರಿನಿಂದ ಏಳುತ್ತಿದ್ದ. ಕಣ್ಣಿಗೆ ದೊಡ್ಡ ಕನ್ನಡಕ, ಬೆನ್ನಿಗೆ ಆ ಸಿಲಿಂಡರುಗಳಲ್ಲೊಂದು, ಅದರಿಂದ ಬಾಯಿಗೆ ಉಸಿರಾಡುವ ಕೊಳವೆ.

"ಥೂ, ಇದೇನ್ ವೇಷ?"

ಅವನು ಬೆಪ್ಪಾದ. ಹಿಂದಿನ ಬರದಲ್ಲಿ ಮುರ್ಡೇಶ್ವರದ ಕಡಲತೀರಕ್ಕೆ ದುಡಿಯಲು ಹೋದಾಗ ಕಲಿತ ಮುಳುಗುವ ವಿದ್ಯೆ ಅದು. "ತಳದಾಗ ಮುಳುಗಿದ ದೋಣಿ ಅದ. ನೀರು ಕಡಿಮಿ ಆದಂಗ ಮೀನೆಲ್ಲಾ ಅದರ ಹೊಟ್ಟ್ಯಾಗ ಸೇರ್ಯಾವ. ಹರಕ ಬಲ್ಯಾಗ ಸಿಕ್ಕು ಸಾಯ್ತಾವ, ಬಿಡಿಸ್ತೀನಿ. ಮಂದಿಗಿ ತಿಳಿದರ ಒಂದೂ ಉಳಿಸಂಗಿಲ್ಲ. ಅದಕ್ಕ ಬಾಯಿ ಬಿಡಲಿಲ್ಲ."

ದೇಬೋರಾಳ ಸಿಟ್ಟು ಇಳಿದು ಅಳು ಬಂತು. ಚೀಲ ಕೆಳಗಿಟ್ಟಳು. ಅಷ್ಟರಲ್ಲಿ ಅವನ ಹಿಂದೆ ಗುಳುಗುಳು ಗುಳ್ಳೆ ಎದ್ದವು.

"ಒಳಗ ಮತ್ಯಾರ ಇದ್ದಾರ?"

ಪ್ರಭುದಾಸ ನೆಲ ನೋಡಿದ. "ನಿನಗ ಹೇಳಬ್ಯಾಡಂತ ಆಣಿ ಹಾಕ್ಸ್ಯಾಳ."

"ಹೌದಾ? ಮ್ಯಾಲ ಬರ್ಲಿ ಆಕಿ!" ಚೀಲ ಮತ್ತೆ ಹೆಗಲೇರಿತು. "ತುರುಬು ಹಿಡಿದೇ ಮಾತಾಡ್ತೀನಿ."

ನೀರು ಸೀಳಿ ಬೆಳ್ಳಗಿನ ತುರುಬೊಂದು ಮೇಲೆ ಬಂತು. ಬಾಯಿಯ ಕೊಳವೆ ಉಗುಳಿ ರೂತಮ್ಮ ಹೇಳಿದರು, "ಇವತ್ತಿನ ಪ್ರಾರ್ಥನಾ ಮುಗೀತ್ ನೋಡವ್ವಾ."