ಮಾತಿನ ಕರಾರು

ಕೆಲಸದ ಹೊತ್ತಿನಲ್ಲಿ ಯಾರೂ ಮಾತಾಡಕೂಡದು ಎಂಬ ಬೋರ್ಡು ನೇತುಹಾಕಿದ ಮರುದಿನ, ನೀಲಕಂಠಸ್ವಾಮಿಯ ಕಾಫಿ ಕಾರ್ಖಾನೆಯಲ್ಲಿ ನಿಜವಾಗಿಯೂ ಯಾರೂ ಮಾತಾಡಲಿಲ್ಲ. ಹುಣಸೂರಿನ ಆ ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಕೂತು ಬೀಜ ಆರಿಸುತ್ತಿದ್ದ ಹೆಂಗಸರ ಕೈ ಮಾತ್ರ ಆಡುತ್ತಿತ್ತು. ಪಕ್ಕದ ಆಫೀಸಿನಲ್ಲಿ ಕೂತಿದ್ದ ನೀಲಕಂಠಸ್ವಾಮಿಗೆ ತನ್ನದೇ ಗೋಡೆ ಗಡಿಯಾರದ ಸದ್ದು ಎಷ್ಟೋ ವರ್ಷದ ಮೇಲೆ ಕೇಳಿಸಿತು. ಕಾಫಿ ತರಿಸಿಕೊಂಡು ಹಾಯಾಗಿ ಕುಡಿದ.

ಬೋರ್ಡು ಹಾಕಿಸಿದ್ದು ಸಿಟ್ಟಿಗೆ. ಕೊಡಗು ಮೈಸೂರಿಗೆ ಸೇರಿದ ವರ್ಷ ಅದು. ಎಲ್ಲಿ ನೋಡಿದರೂ ಸೇರುವ ಮಾತೇ. ಹಿಂದಿನ ದಿನ ಆ ಹೆಂಗಸರ ಪೈಕಿ ದೊಡ್ಡತಾಯಮ್ಮ ಬಂದು, ಬೀಜ ಆರಿಸುವವರೆಲ್ಲ ಸೇರಿ ಸಂಘ ಕಟ್ಟಿದ್ದೇವೆ, ಇನ್ನು ಏನಿದ್ದರೂ ಸಂಘದ ಜೊತೆ ಕೂತು ಮಾತಾಡಿ, ಮೊದಲನೆಯದಾಗಿ ಮಧ್ಯಾಹ್ನಕ್ಕೊಂದು ಲೋಟ ಟೀ ಕೊಡಿ ಎಂದಿದ್ದಳು.

"ಸಂಘಗಿಂಘ ನನಗೆ ಗೊತ್ತಿಲ್ಲ. ಕಷ್ಟ ಇರೋರು ಒಬ್ಬೊಬ್ಬರೇ ಬಂದು ಹೇಳ್ಕೊಳ್ಳಿ" ಎಂದು ಅವಳನ್ನು ಸಾಗಹಾಕಿದ್ದ. ಹತ್ತಿರ ಹತ್ತಿರ ಕೂತು ಹರಟಿದ್ದರಿಂದಲೇ ತಾನೆ ಈ ಸಂಘ ಹುಟ್ಟಿದ್ದು ಎಂದು ಯೋಚಿಸಿ, ಬಾಯಿಗೇ ಬೀಗ ಜಡಿದಿದ್ದ.

ಊಟದ ಹೊತ್ತಿಗೆ ಮೇಸ್ತ್ರಿ ಸಣ್ಣಬೀರಯ್ಯ ತಲೆ ತುರಿಸುತ್ತ ಬಂದು ಬಾಗಿಲಲ್ಲಿ ನಿಂತ.

"ಎಡವಟ್ಟಾಯ್ತು ಬುದ್ಧಿ. ಆರ್ಸಿಟ್ಟ ರಾಶಿ ಮ್ಯಾಲೆ, ಬ್ಯಾಡ ಅಂತ ತೆಗೆದಿಟ್ಟ ಕರಿಬೀಜದ ಮೂಟೆ ಸುರಿದ್ಬುಟ್ಟೆ. ಇದ್ದವೆಲ್ಲಾನೂವೆ."

ನೀಲಕಂಠಸ್ವಾಮಿ ಹೋಗಿ ನೋಡಿದ. ಮಡಿಕೇರಿ ಕಡೆಯ ತೋಟದವರ ಬೀಜ, ಮರುದಿನ ಲಾರಿಗೆ ಏರಬೇಕಾದದ್ದು, ಅಕ್ಕಿಗೆ ಎಳ್ಳು ಬೆರೆಸಿದ ಹಾಗೆ ಬಿದ್ದಿತ್ತು. "ಇಷ್ಟು ಜನ ಕಣ್ಣೆದುರಿಗೇ ಕೂತಿದ್ದೀರಿ. ಒಬ್ಬಳಾದರೂ ತಡಿ ಅನ್ನಬಾರದಿತ್ತೆ?" ಎಂದ. ಯಾರೂ ತುಟಿ ಬಿಚ್ಚಲಿಲ್ಲ. ಮುಂದಿನ ಸಾಲಿನ ಕೆಂಪಾಜಮ್ಮ ಮಾತ್ರ ಗದ್ದ ಎತ್ತಿ ಬೋರ್ಡಿನ ಕಡೆ ತೋರಿಸಿ, ಮತ್ತೆ ಮೊರದ ಮೇಲೆ ಬಗ್ಗಿದಳು.

ಅವಳನ್ನೇ ಆಫೀಸಿಗೆ ಕರೆಸಿದ. "ನೀನು ಹಳಬಳು ಕಣಮ್ಮ. ನಾಲ್ಕು ಜನಾನ ಜೊತೆಗೆ ಹಾಕ್ಕೊಂಡು ಇದನ್ನ ಬೇರೆ ಮಾಡಿಕೊಡು, ನಿನ್ನನ್ನ ಬೇರೆಯಾಗಿ ನೋಡ್ಕೋತೀನಿ."

"ನನ್ ಮಾತು ದೊಡ್ಡತಾಯಮ್ಮನ ತಾವ ಐತೆ ಬುದ್ಧಿ" ಎಂದು ಹೇಳಿ ಅವಳು ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಕರೆಸಿದವರೂ ಅದನ್ನೇ ಹೇಳಿ ಹೋದರು.

ಕೊನೆಗೆ ದೊಡ್ಡತಾಯಮ್ಮನನ್ನೇ ಕರೆಸಬೇಕಾಯಿತು. ಅವಳು ದಿನದ ಹಾಗೆ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಬೆಂಚಿನ ಮೇಲೆ ಕೂತಳು.

"ಆಯ್ತು, ಮಾತಾಡ್ಕೊಳ್ಳಿ. ಬೀಜ ಆರಿಸಿ."

"ಬಾಯಲ್ಲಿ ಏಳಿದ್ರೆ ಆಗಾಕಿಲ್ಲ, ಬರ್ಕೊಡಿ. ನನ್ನೆಸ್ರಲ್ಲಿ ಬ್ಯಾಡಿ, ಸಂಘದೆಸ್ರಲ್ಲಿ ಬರೀರಿ. ನಾಳೆ ನಾನು ಸತ್ರೂ ಕರಾರು ಬದುಕಿರ್ಬೇಕು."

"ಬರೀ ಮಾತಿಗೆ ಇಷ್ಟು ಹಟ ಯಾಕಮ್ಮ?"

"ನನ್ ಮಗಳ್ನ ಅಂತರಸಂತೆಗೆ ಕೊಟ್ಟಿವ್ನಿ ಬುದ್ಧಿ. ಅವಳು ಹೆತ್ತು ಮಗೂನ ಕೈಲಿ ಇಡ್ಕಂಡವ್ಳೆ ಅಂತ ನಂಗೆ ತಿಳಿದದ್ದು ಪಕ್ಕದಲ್ಲಿ ಕೂತು ಆರ್ಸೋ ಪುಟ್ಟತಾಯಮ್ಮನ ಬಾಯಿಂದ. ಮನೇಲಿ ನಮ್ಮ ಜೊತೆ ಕೂತು ಮಾತಾಡೋರು ಯಾರವ್ರೆ?"

ನೀಲಕಂಠಸ್ವಾಮಿ ಪೆನ್ನು ಮಸಿಗೆ ಅದ್ದಿದ. ಬಾಯಿ ಆಡಿದರೂ ಕೈ ನಿಲ್ಲಬಾರದು ಎಂದ, ಒಪ್ಪಿದಳು. ತಪ್ಪು ಕಣ್ಣಿಗೆ ಬಿದ್ದರೆ ಆಗಲೇ ಕೂಗಿ ಹೇಳಬೇಕು ಎಂದ, ಅದಕ್ಕೂ ಒಪ್ಪಿದಳು. ಟೀ ಅರ್ಧ ಲೋಟ ಎಂದ. ತುಂಬಿದ ಲೋಟ ಎಂದಳು. ಎಳೆದಾಡಿ ಮುಕ್ಕಾಲಿಗೆ ನಿಂತಿತು. ತನ್ನ ಕಡೆಯಿಂದಲೂ ಒಂದಿರಲಿ ಎಂದು ಅವನು ಕೊನೆಯಲ್ಲಿ ಒಂದು ಸಾಲು ಸೇರಿಸಿ ಓದಿದ: ಕೆಲಸದ ಹೊತ್ತಿನಲ್ಲಿ ಧಣಿಗಳ ವಿಷಯ ಆಡಿಕೊಳ್ಳಬಾರದು.

ದೊಡ್ಡತಾಯಮ್ಮ ಎದ್ದು ನಿಂತಳು. "ಇದನ್ನ ನಾನೊಬ್ಳೇ ಒಪ್ಪಂಗಿಲ್ಲ. ಕೇಳ್ಕಂಡು ಬತ್ತೀನಿ."

ಶೆಡ್ಡಿನಲ್ಲಿ ತಲೆಗಳು ಒಂದಕ್ಕೊಂದು ಬಾಗಿದ್ದು ಕಿಟಕಿಯಿಂದ ಕಂಡಿತು. ಟೀ ಲೋಟದ ಚೌಕಾಸಿಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿಯಿತು. ವಾಪಸು ಬಂದವಳ ಮುಖ ಗಂಭೀರವಾಗಿತ್ತು.

"ಒಪ್ಪಾಕಿಲ್ವಂತೆ ಬುದ್ಧಿ. ಬೇಕಾರೆ ಟೀ ಬುಟ್ಟುಬುಡ್ತಾರಂತೆ."

ನೀಲಕಂಠಸ್ವಾಮಿ ಅಂಥದ್ದೇನಿದೆ ತನ್ನಲ್ಲಿ ಎಂದು ಒಂದೊಂದಾಗಿ ನೆನೆಸಿಕೊಳ್ಳಲು ಹೋಗಿ, ನಡುವೆಯೇ ನಿಲ್ಲಿಸಿದ. ಆ ಸಾಲನ್ನು ಹೊಡೆದುಹಾಕಿದ. ಕಾಗದವನ್ನು ಅವಳ ಕಡೆ ತಳ್ಳುವ ಮುಂಚೆ, ಇದನ್ನೂ ಆಡಿಕೊಂಡಾರು ಎಂದು ತೋಚಿ, 'ಮುಕ್ಕಾಲು' ಎಂದಿದ್ದನ್ನೂ ಹೊಡೆದು 'ತುಂಬಿದ ಲೋಟ' ಎಂದು ಬರೆದ. ದೊಡ್ಡತಾಯಮ್ಮ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಬೆರಳು ಒರೆಸಿಕೊಂಡು ಶೆಡ್ಡಿಗೆ ಹೋದಳು.

ಬೆರೆತ ರಾಶಿಯ ಸುತ್ತ ಹೆಂಗಸರು ಮೊರ ಹಿಡಿದು ಕೂತರು. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಇಡೀ ಶೆಡ್ಡು ಒಟ್ಟಿಗೆ ನಕ್ಕಿತು. ನೀಲಕಂಠಸ್ವಾಮಿ ಮೆಲ್ಲಗೆ ಎದ್ದು ಹೋಗಿ ಕಿಟಕಿಗೆ ಕಿವಿ ಕೊಟ್ಟ. ಒಂದು ಮಾತೂ ಬಿಡಿಸಿ ಕೇಳಿಸಲಿಲ್ಲ.