ನಾಲ್ಕನೆಯ ಎಸಳು

ಪೂನಮಳ ಹೃದಯದ ಎಕೋ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ತ್ರಿಶಲಾ ಪರದೆಯ ಮೇಲಿನ ಚಿತ್ರವನ್ನು ತಟ್ಟನೆ ನಿಲ್ಲಿಸಿದರು. "ಹೃದಯದ ಈ ಕವಾಟಕ್ಕ ಮೂರ ಎಸಳ ಇರತಾವ. ನಿನಗ ಹುಟ್ಟಿನಿಂದನ ನಾಲ್ಕ ಅದಾವ. ಸರಿ ಮುಚ್ಚಂಗಿಲ್ಲ, ರಕ್ತ ಹಿಂದಕ್ಕ ಸೋರತೈತಿ. ಅದಕ್ಕ ದಮ್ಮ ಹತ್ತೂದು. ಆಪರೇಷನ್ ಮಾಡಿದ್ರ ಆರಾಮ ಆಗತೈತಿ."

"ಮೇಡಂ, ಇದನ್ನ ನಮ್ಮತ್ತಿ ಮುಂದ ಹೇಳ್ರಿ," ಎಂದಳು ಪೂನಮ.

ಕೆಲಸದ ನಡುವೆ ಕೂತು ಸುಧಾರಿಸಿಕೊಳ್ಳುವ ಸೊಸೆಯನ್ನು ಮೈಗಳ್ಳಿ ಎಂದೇ ಕರೆಯುತ್ತಿದ್ದ ತಾರಾಬಾಯಿ ಒಳಬಂದರು. ಪರದೆಯಲ್ಲಿ ನಾಲ್ಕು ಗೆರೆ ಕೂಡಿದ್ದನ್ನು ಕಂಡು, ದಿನಾ ಬಸದಿಯಲ್ಲಿ ತಾವು ಅಕ್ಕಿಯಿಂದ ಬರೆಯುವ ಸ್ವಸ್ತಿಕವೇ ಎಂದುಕೊಂಡು ಕೈಮುಗಿದರು. "ಶುಭ ಐತಲ್ರಿ."

ಡಾಕ್ಟರು ಎಲ್ಲವನ್ನೂ ಮತ್ತೆ ಹೇಳಿದರು. ತಾರಾಬಾಯಿಯ ಮುಗಿದ ಕೈ ಮೆಲ್ಲಗೆ ಸಡಿಲವಾಯಿತು.

"ಶುಭಾನ ಐತ್ರಿ ಅತ್ತಿ," ಪೂನಮ ನಕ್ಕಳು. "ಇನ್ನ ಮೈಗಳ್ಳಿ ಅಂತ ಯಾರನ್ನ ಕರೀತೀರಿ?"