ಅಜ್ಜ ಬೂಟು ಬಿಚ್ಚಿದ ಮೇಲೆ

ಬೂಟ್ ಪಾಲಿಶ್ ವಾಸನೆ ಬಂದರೆ ಈಗಲೂ ನನಗೆ ಬೇವೂರಿನ ಅಜ್ಜ ಮಿಲಿಟರಿ ಆಸ್ಪತ್ರೆಯಲ್ಲಿ ಮಾಡಿದ ಪರೇಡ್ ನೆನಪಾಗುತ್ತದೆ.

ಸೈನ್ಯದಲ್ಲಿ ಮುರಿದಿದ್ದ ಅವನ ಮೊಣಕಾಲು ವರ್ಷದಿಂದ ವರ್ಷಕ್ಕೆ ಕೆಡುತ್ತಿತ್ತು. ಡಾಕ್ಟರು ಅದನ್ನು ಒಪ್ಪಿದರೆ ಅಂಗವೈಕಲ್ಯದ ಪಿಂಚಣಿ ಏರುತ್ತಿತ್ತು. "ಮನ್ಯಾಗ ನಡದಂಗ ನಡೀರಿ, ಸಾಕು," ಎಂದು ಅಜ್ಜಿ ದಾರಿಯುದ್ದಕ್ಕೂ ಹೇಳಿದ್ದಳು. ಅಜ್ಜನೋ ಊರ ಕೋಳಿಗಳೆಲ್ಲ ಮುಖ ನೋಡಿಕೊಳ್ಳುವಷ್ಟು ಬೂಟು ಉಜ್ಜಿಕೊಂಡು ಬಂದಿದ್ದ.

ಡಾಕ್ಟರು ನಡೆಯಲು ಹೇಳಿದ್ದೇ ತಡ, ಎದೆಯುಬ್ಬಿಸಿ ಗೋಡೆಯ ಕ್ಯಾಲೆಂಡರ್ ಉದುರುವಂತೆ ಹೆಜ್ಜೆ ಹಾಕಿದ.

ಅಜ್ಜಿ ಹಣೆ ಬಡಿದುಕೊಂಡಳು. "ಹಿತ್ತಲಕ್ಕ ಹೋಗಾಕ ನನ್ನ ಹೆಗಲು ಬೇಕು. ಇಲ್ಲಿ ನೋಡ್ರಿ ಸಾಹೇಬ್ರ, ಮದುಮಗನಂಗ ಹೊಂಟಾರ!"

ಡಾಕ್ಟರೂ ಸೈನ್ಯದವರೇ. ನಕ್ಕರು. "ಹವಾಲ್ದಾರ್ ಸಾಹೇಬ್ರ, ಬೂಟು ಬಿಚ್ಚಿ ಇನ್ನೊಮ್ಮೆ ನಡೀರಿ."

ಬರಿಗಾಲಿನಲ್ಲಿ ಅವನು ಮತ್ತೆ ನಮ್ಮ ಮನೆಯ ಅಜ್ಜನಾದ, ಕುಂಟುತ್ತ ಹೋಗಿ ಮೇಜು ಹಿಡಿದ. ಮುಂದೆ ಪಿಂಚಣಿ ಏರಿತು.

ಆದರೆ ಅಂದು ಬಸ್ಸಿನಲ್ಲಿ ಅಜ್ಜ ಬೂಟು ಮತ್ತೆ ಹಾಕಿಕೊಳ್ಳದೆ ಮುಖ ಊದಿಸಿಕೊಂಡಿದ್ದ. "ಬೂಟು ಇದ್ದಿದ್ರ ಪಾಸ್ ಆಗ್ತಿದ್ನಿ."

"ಹೌದ್ರಿ," ಎಂದ ಅಜ್ಜಿ, ಮಡಿಲಲ್ಲಿದ್ದ ಬೂಟಿನ ಧೂಳನ್ನು ಸೆರಗಿನಿಂದ ಒರೆಸಿದಳು.